ಹಸುವಿನ ಅಂಡಾಶಯ, ಅಂಡಾಣು ಕಾಪಾಡಲು ಯಾವ ದಾರಿ ಹಿಡಿಯಬೇಕು?

ಪ್ರಾಣಿಯ ದೇಹದಿಂದ ಅಂಡಾಶಯ ಹೊರಬಂದ ಗಳಿಗೆಯಿಂದಲೇ ಗಡಿಯಾರ ಓಡಲು ಶುರುವಾಗುತ್ತದೆ. ರಕ್ತ ನಿಂತಿದೆ. ಆಮ್ಲಜನಕ ಇಲ್ಲ. ಆದರೆ ಒಳಗಿನ ಅಂಡಾಣುಗಳು ಇನ್ನೂ ಬದುಕಿವೆ. ಅವನ್ನು ಕೆಲವು ಗಂಟೆ ಉಳಿಸಿಕೊಳ್ಳಬೇಕೋ, ಕೆಲವು ವರ್ಷ ಉಳಿಸಿಕೊಳ್ಳಬೇಕೋ, ಅಥವಾ ಬದುಕಿರುವ ಅಗತ್ಯವೇ ಇಲ್ಲವೋ? ಉತ್ತರಕ್ಕೆ ತಕ್ಕಂತೆ ದಾರಿಯೂ ಬೇರೆಯಾಗುತ್ತದೆ.

ಪಶುವೈದ್ಯ ಕಾಲೇಜಿನ ಸ್ನಾತಕೋತ್ತರ ವಿದ್ಯಾರ್ಥಿಗಳು ನನ್ನನ್ನು ಹೆಚ್ಚಾಗಿ ಕೇಳುವುದು ಒಂದೇ ಮಾತು: "ಅಂಡಾಣು ಫ್ರೀಜ್ ಮಾಡಬೇಕು, ಯಾವ ಕಿಟ್ ತಗೊಳ್ಳಲಿ?" ಕಿಟ್ ವಿಚಾರ ಆಮೇಲೆ. ಮೊದಲು ಎರಡು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಿ. ಈ ಅಂಡಾಣುವಿನಿಂದ ನಾಳೆ ನಿಮಗೆ ಏನು ಬೇಕು? ಅಂಡಾಶಯ ಸಿಗುವ ಜಾಗದಿಂದ (ಹೆಚ್ಚಾಗಿ ಅದು ಕಸಾಯಿಖಾನೆ) ನಿಮ್ಮ ಲ್ಯಾಬ್ ಮೇಜಿಗೆ ಎಷ್ಟು ಹೊತ್ತಿನ ದಾರಿ? ಇವೆರಡು ಗೊತ್ತಾದರೆ ಮುಂದಿನ ಆಯ್ಕೆಗಳಲ್ಲಿ ಅರ್ಧ ತಾನಾಗಿಯೇ ಆಗಿಬಿಡುತ್ತವೆ.

ಬದುಕಿರಲೇಬೇಕಾ?

ಎಷ್ಟೋ ಪ್ರಬಂಧಗಳಿಗೆ ಜೀವಂತ ಅಂಡಾಣು ಬೇಕಾಗಿಯೇ ಇಲ್ಲ. ಯಾವ ಜೀನ್ ಕೆಲಸ ಮಾಡುತ್ತಿದೆ ಎಂದು ನೋಡಬೇಕಿದ್ದರೆ ಅಂಡಾಶಯದ ತುಣುಕನ್ನು ಸಿಕ್ಕ ಜಾಗದಲ್ಲೇ ದ್ರವ ಸಾರಜನಕದಲ್ಲಿ ತಟ್ಟನೆ ಮುಳುಗಿಸಿ, ಆಮೇಲೆ -80 ಡಿಗ್ರಿ ಫ್ರೀಜರಿನಲ್ಲಿ ಇಟ್ಟರೆ ಸಾಕು. ಕೋಶ ಸಾಯುತ್ತದೆ, ಆದರೆ ಜೀನ್ ಕೆಲಸದ ಗುರುತಾದ ಆರ್‌ಎನ್‌ಎ ಉಳಿಯುತ್ತದೆ. ಅಂಗಾಂಶದ ರಚನೆ ನೋಡಬೇಕಿದ್ದರೆ ಫಾರ್ಮಲಿನ್ ಅಥವಾ ಬೌವಿನ್ ದ್ರಾವಣ. ಇಲ್ಲಿ ಒಂದು ತಪ್ಪು ಮತ್ತೆ ಮತ್ತೆ ಆಗುತ್ತದೆ. ಇಡೀ ಅಂಡಾಶಯವನ್ನು ಹಾಗೇ ಫಾರ್ಮಲಿನ್ನಿಗೆ ಹಾಕಿಬಿಡುತ್ತಾರೆ. ದ್ರಾವಣ ನಡುವಿಗೆ ಇಳಿಯುವಷ್ಟರಲ್ಲಿ ಒಳಗೆ ಕೊಳೆತಿರುತ್ತದೆ. ಎರಡು ಹೋಳು ಮಾಡಿ ಹಾಕಿ.

ಅಂಡಾಣು ಬೆಳೆಯಬೇಕು, ಫಲಿಸಬೇಕು, ಭ್ರೂಣ ಆಗಬೇಕು ಅಂದರೆ ಮಾತ್ರ ಮುಂದೆ ಓದಿ.

ಬೆಚ್ಚಗಿನ ಫ್ಲಾಸ್ಕೋ, ತಂಪು ಪೆಟ್ಟಿಗೆಯೋ

ಎಲ್ಲಕ್ಕಿಂತ ಹೆಚ್ಚು ಅಂಡಾಣು ಹಾಳಾಗುವುದು ಈ ಹಂತದಲ್ಲೇ, ದಾರಿಯಲ್ಲೇ. ಆದರೂ ಪ್ರಬಂಧಗಳಲ್ಲಿ ಇದಕ್ಕೆ ಸಿಗುವುದು ಒಂದೇ ಸಾಲು.

ಹಳೆಯ, ನಂಬಿಕೆಯ ದಾರಿ ಅಂದರೆ 0.9 ಶೇಕಡಾ ಸಲೈನ್. ಅದಕ್ಕೆ ಪೆನಿಸಿಲಿನ್-ಸ್ಟ್ರೆಪ್ಟೊಮೈಸಿನ್ ಅಥವಾ ಜೆಂಟಾಮೈಸಿನ್ ಬೆರೆಸಿ, 30ರಿಂದ 35 ಡಿಗ್ರಿ ಬಿಸಿಯಲ್ಲಿ ಥರ್ಮಾಸ್ ಫ್ಲಾಸ್ಕಿನಲ್ಲಿ ತರುವುದು. ಮೂರು-ನಾಲ್ಕು ಗಂಟೆಯೊಳಗೆ ಲ್ಯಾಬ್ ಸೇರುವುದಾದರೆ ಇದಕ್ಕಿಂತ ಒಳ್ಳೆಯದು ಬೇಡ. ಆದರೆ ಇದೇ ಬಿಸಿಯಲ್ಲಿ ಏಳೆಂಟು ಗಂಟೆ ಇಟ್ಟರೆ ಕಷ್ಟ. ಬೆಚ್ಚಗಿರುವ ಅಂಗಾಂಶ ಸುಮ್ಮನೆ ಕೂರುವುದಿಲ್ಲ. ಆಮ್ಲಜನಕ ಇಲ್ಲದೆಯೂ ಸಕ್ಕರೆ ಉರಿಸುತ್ತಲೇ ಇರುತ್ತದೆ. ಆಮ್ಲ ಜಾಸ್ತಿಯಾಗುತ್ತದೆ. ಅಂಡಾಣು ಅದೇ ದ್ರವದಲ್ಲಿ ಮುಳುಗಿಕೊಂಡಿರುತ್ತದೆ.

ಹಾಗಾದರೆ ಐಸ್ ಮೇಲೆ ಇಟ್ಟರೆ? ಬೇಡ. ಹಸುವಿನ ಅಂಡಾಣುವಿನಲ್ಲಿ ಕೊಬ್ಬಿನ ಅಂಶ ಜಾಸ್ತಿ. ಸೂಕ್ಷ್ಮದರ್ಶಕದಲ್ಲಿ ಅದು ಕಪ್ಪಾಗಿ ಕಾಣುವುದೂ ಇದರಿಂದಲೇ. ಚಳಿಗಾಲದ ಬೆಳಿಗ್ಗೆ ಬಾಟಲಿಯ ಕೊಬ್ಬರಿ ಎಣ್ಣೆ ಗಟ್ಟಿಯಾಗಿ ಕೂತಿರುತ್ತದೆ, ಅಲ್ವಾ? ಕೋಶದ ಹೊರಪೊರೆಯ ಕೊಬ್ಬಿಗೂ ಹಾಗೇ ಆಗುತ್ತದೆ. ಇನ್ನೂ ಬಲಿಯದ ಅಂಡಾಣುವಿನಲ್ಲಿ ಇದು ಹದಿನೈದು ಡಿಗ್ರಿ ಆಸುಪಾಸಿನಲ್ಲೇ ಶುರುವಾಗುತ್ತದೆ. ಪೊರೆ ಹೀಗೆ ಬಿಗಿದು ಸೀಳಿದರೆ ಆಮೇಲೆ ಬಿಸಿ ಮಾಡಿದರೂ ಸರಿಹೋಗುವುದಿಲ್ಲ.

ಶುರುವಿನ ದಿನಗಳಲ್ಲಿ ನಾನೇ ಇದನ್ನು ಅನುಭವಿಸಿದ್ದೇನೆ. ಬೇಸಿಗೆ, ದೂರದ ದಾರಿ, ಹಾಳಾಗದಿರಲಿ ಎಂದು ಅಂಡಾಶಯಗಳ ಚೀಲವನ್ನು ನೇರವಾಗಿ ಐಸ್ ಪ್ಯಾಕ್ ಮೇಲೆ ಇಟ್ಟು ತಂದೆವು. ನೋಡಲು ಅಂಡಾಣುಗಳು ಚೆನ್ನಾಗಿಯೇ ಇದ್ದವು. ಕೆಲವು ಫಲಿಸಿ ಮೊದಲ ವಿಭಜನೆಯನ್ನೂ ಮುಗಿಸಿದವು. ಏಳನೇ ದಿನ ತಟ್ಟೆಯಲ್ಲಿ ಒಂದೂ ಬ್ಲಾಸ್ಟೊಸಿಸ್ಟ್, ಅಂದರೆ ಹಸುವಿಗೆ ಹಾಕುವ ಹಂತಕ್ಕೆ ಬೆಳೆದ ಭ್ರೂಣ, ಇರಲಿಲ್ಲ. ಆ ವಾರ ನನಗೆ ಚೆನ್ನಾಗಿ ನೆನಪಿದೆ.

ನಡುವಿನ ದಾರಿಯೊಂದಿದೆ. ಅದು ಬೆಳಕಿಗೆ ಬರುವುದರಲ್ಲಿ ಜಪಾನಿನ ಪಾಲು ದೊಡ್ಡದು. 2001ರಲ್ಲಿ ಅಲ್ಲಿ ಹುಚ್ಚು ಹಸು ರೋಗ ಕಾಣಿಸಿಕೊಂಡಿತು. ಕಸಾಯಿಖಾನೆಗೆ ಬಂದ ಪ್ರತಿ ದನವನ್ನೂ ಪರೀಕ್ಷಿಸುವ ನಿಯಮ ಬಂತು. ಫಲಿತಾಂಶ ಬರುವ ತನಕ ಅಂಡಾಶಯವನ್ನು ಹೊರಗೆ ಒಯ್ಯುವಂತಿಲ್ಲ. ಅಂದರೆ ಒಂದು ರಾತ್ರಿ ಕಾಯಲೇಬೇಕು. ಅಲ್ಲದೆ ಮಾಂಸಕ್ಕೆ ಹೆಸರಾದ ಅಲ್ಲಿನ ವಾಗ್ಯು ತಳಿಯ ಮಾಂಸದ ದರ್ಜೆ ಪಕ್ಕಾ ಗೊತ್ತಾಗುವುದು ಕಡಿದ ಮೇಲೆಯೇ. ಅತ್ಯುತ್ತಮ ದರ್ಜೆ ಬಂದ ಹಸುವಿನ ಅಂಡಾಣು ಬೇಕು, ಆದರೆ ಅದು ನಾಳೆಯೇ ಸಿಗುವುದು. ಆದ್ದರಿಂದ ಅಲ್ಲಿನ ಸಂಶೋಧಕರು ರಾತ್ರಿಯಿಡೀ ಇಡಲು ಯಾವ ತಾಪ ಸರಿ ಎಂದು ಹುಡುಕಿದರು. ಐಸಿನಷ್ಟು ತಣ್ಣಗೂ ಅಲ್ಲ, ದೇಹದಷ್ಟು ಬೆಚ್ಚಗೂ ಅಲ್ಲ, 10ರಿಂದ 20 ಡಿಗ್ರಿ ನಡುವೆ ಇಟ್ಟ ಅಂಡಾಶಯಗಳಿಂದ ಮರುದಿನವೂ ಭ್ರೂಣ ಪಡೆಯಲು ಸಾಧ್ಯವಾಯಿತು. ತಾಜಾ ಅಂಡಾಶಯದ ಮಟ್ಟ ಸಿಗುವುದಿಲ್ಲ, ಆದರೆ ಕೈಬಿಡುವಷ್ಟು ಕಮ್ಮಿಯೂ ಅಲ್ಲ.

ನನ್ನ ಲೆಕ್ಕ ಹೀಗಿದೆ. ನಾಲ್ಕು ಗಂಟೆಯೊಳಗೆ ತಲುಪಿದರೆ ಬೆಚ್ಚಗಿನ ಫ್ಲಾಸ್ಕ್. ಅದಕ್ಕಿಂತ ಹೆಚ್ಚಾದರೆ ನಿಧಾನವಾಗಿ 15-20 ಡಿಗ್ರಿಗೆ ಇಳಿಸಿ, ಅಲ್ಲೇ ನಿಲ್ಲಿಸಿ. ಯಾವುದೇ ಆದರೂ ಪೆಟ್ಟಿಗೆಯೊಳಗೆ ಒಂದು ಡಿಜಿಟಲ್ ಥರ್ಮಾಮೀಟರ್ ಇರಲಿ. ಹೊರಟಾಗಿನ ತಾಪ, ತಲುಪಿದಾಗಿನ ತಾಪ, ತೆಗೆದುಕೊಂಡ ಹೊತ್ತು, ಮೂರನ್ನೂ ಪುಸ್ತಕದಲ್ಲಿ ಬರೆಯಿರಿ.

ಅಂಡಾಣು ಹೊರತೆಗೆಯುವುದು

ಇಲ್ಲಿ ಜಾಸ್ತಿ ಯೋಚಿಸಬೇಕಿಲ್ಲ. ಹಸುವಿನದ್ದಾದರೆ 2ರಿಂದ 8 ಮಿಲಿಮೀಟರ್ ಗಾತ್ರದ ಫಾಲಿಕಲ್‌ಗಳಿಂದ, ಅಂದರೆ ಮೇಲೆ ಕಾಣುವ ನೀರುಗುಳ್ಳೆಗಳಿಂದ, 18 ಗೇಜ್ ಸೂಜಿ ಹಾಕಿ ಸಿರಿಂಜಿನಲ್ಲಿ ಎಳೆಯಿರಿ. ಎಮ್ಮೆ, ಕುರಿಯ ಅಂಡಾಶಯ ಚಿಕ್ಕದು, ಗುಳ್ಳೆಗಳೂ ಕಮ್ಮಿ. ಅಲ್ಲಿ ಬ್ಲೇಡಿನಿಂದ ಗೀರಿ ತೊಳೆದುಕೊಂಡರೆ ಹೆಚ್ಚು ಅಂಡಾಣು ಸಿಗುತ್ತವೆ. ಕಸವೂ ಹೆಚ್ಚು ಬರುತ್ತದೆ. ಸುತ್ತ ಮೂರು-ನಾಲ್ಕು ಪದರ ಕ್ಯುಮುಲಸ್ ಕೋಶ ಇರುವ, ಒಳಗೆ ಒಂದೇ ಸಮನಾಗಿ ಕಾಣುವ ಅಂಡಾಣುಗಳನ್ನು ಮಾತ್ರ ಆರಿಸಿ. ಬೋಳಾಗಿರುವುದನ್ನು ಫ್ರೀಜ್ ಮಾಡಿ ಲೆಕ್ಕ ಹೆಚ್ಚಿಸಿಕೊಂಡರೆ ಕೊನೆಗೆ ನಿಮ್ಮ ಫಲಿತಾಂಶವೇ ಕೆಳಗಿಳಿಯುತ್ತದೆ.

ಬಲಿತದ್ದೋ, ಬಲಿಯದ್ದೋ

ಅಂಡಾಶಯದಿಂದ ಎಳೆದ ಅಂಡಾಣು ಇನ್ನೂ ಬಲಿತಿರುವುದಿಲ್ಲ. ಅದನ್ನು 38.5 ಡಿಗ್ರಿಯಲ್ಲಿ, 5 ಶೇಕಡಾ ಇಂಗಾಲದ ಡೈಆಕ್ಸೈಡ್ ಇರುವ ಇನ್‌ಕ್ಯುಬೇಟರಿನಲ್ಲಿ 22ರಿಂದ 24 ಗಂಟೆ ಇಟ್ಟರೆ ಬಲಿಯುತ್ತದೆ. ಫ್ರೀಜ್ ಮಾಡುವುದು ಇದಕ್ಕೆ ಮೊದಲೋ, ಆಮೇಲೋ? ಸಂಶೋಧಕರಲ್ಲಿ ಇದರ ಬಗ್ಗೆ ಇನ್ನೂ ಒಮ್ಮತವಿಲ್ಲ. ಎರಡೂ ಕಡೆಯ ವಾದ ಗೊತ್ತಿದ್ದರೆ ನಿಮ್ಮ ಆಯ್ಕೆ ಸುಲಭ.

ಬಲಿಯದ ಅಂಡಾಣುವಿನಲ್ಲಿ ವರ್ಣತಂತುಗಳು ಕೋಶಕೇಂದ್ರದ ಪೊರೆಯೊಳಗೆ ಭದ್ರವಾಗಿರುತ್ತವೆ. ಸ್ಪಿಂಡಲ್, ಅಂದರೆ ವರ್ಣತಂತುಗಳನ್ನು ಎಳೆದು ಹಂಚುವ ಎಳೆಗಳ ಚೌಕಟ್ಟು, ಇನ್ನೂ ಕಟ್ಟಿಲ್ಲ, ಆದ್ದರಿಂದ ಚಳಿಗೆ ಅದು ಕುಸಿಯುವ ಭಯ ಇಲ್ಲ. ಕೇಳಲು ಇದೇ ಒಳ್ಳೆಯದು ಅನಿಸುತ್ತದೆ. ಆದರೆ ಈ ಹಂತದ ಅಂಡಾಣು ಒಂಟಿಯಲ್ಲ. ಸುತ್ತಲಿನ ಕ್ಯುಮುಲಸ್ ಕೋಶಗಳು ಸಣ್ಣ ಬೇರಿನಂಥ ಎಳೆಗಳನ್ನು ಅದರ ಹೊದಿಕೆಯೊಳಗೆ ಚಾಚಿ ಆಹಾರ, ಸಂಕೇತ ಕೊಡುತ್ತಿರುತ್ತವೆ. ಫ್ರೀಜ್ ಮಾಡಿದಾಗ ಅಂಡಾಣು ಕುಗ್ಗುತ್ತದೆ, ಮತ್ತೆ ಉಬ್ಬುತ್ತದೆ. ಈ ಎಳೆಗಳು ಹರಿಯುತ್ತವೆ. ಕರಗಿಸಿದ ಮೇಲೆ ಇನ್ನೂ ಒಂದು ದಿನ ಬಲಿಯಬೇಕು, ಆದರೆ ಉಣಿಸುವವರೇ ಇಲ್ಲ.

ಬಲಿತ ಅಂಡಾಣುವಿಗೆ ಆ ಅವಲಂಬನೆ ಮುಗಿದಿದೆ. ಪೊರೆಯೂ ಚಳಿಯನ್ನು ಸ್ವಲ್ಪ ಚೆನ್ನಾಗಿ ತಡೆಯುತ್ತದೆ. ಆದರೆ ಈಗ ಸ್ಪಿಂಡಲ್ ಕಟ್ಟಿಕೊಂಡಿದೆ. ತಣ್ಣಗಾದ ಕೆಲವೇ ನಿಮಿಷದಲ್ಲಿ ಅದು ಬಿಚ್ಚಿಕೊಳ್ಳುತ್ತದೆ. ಬಿಸಿಯಾದಾಗ ಮತ್ತೆ ಕಟ್ಟಿಕೊಳ್ಳಬಹುದು, ಸರಿಯಾಗಿಯೇ ಕಟ್ಟಿಕೊಳ್ಳುತ್ತದೆ ಎಂಬ ಖಾತ್ರಿ ಇಲ್ಲ. ಇನ್ನೊಂದು ತೊಡಕಿದೆ. ಫ್ರೀಜ್ ಮಾಡುವಾಗ ಹಿಮ ಕಟ್ಟದಂತೆ ಬಳಸುವ ರಕ್ಷಕ ರಾಸಾಯನಿಕಗಳಾದ ಎಥಿಲೀನ್ ಗ್ಲೈಕಾಲ್, ಡಿಎಂಎಸ್‌ಒ ಎರಡೂ ಕೋಶದೊಳಗೆ ಕ್ಯಾಲ್ಸಿಯಂ ಏರಿಸುತ್ತವೆ. ಅಂಡಾಣು ಇದನ್ನೇ ವೀರ್ಯಾಣು ಬಂದ ಸೂಚನೆ ಎಂದುಕೊಂಡು ತನ್ನ ಝೋನಾ ಹೊದಿಕೆಯನ್ನು ಗಟ್ಟಿ ಮಾಡಿಬಿಡುತ್ತದೆ. ನಿಜವಾದ ವೀರ್ಯಾಣು ಬಂದಾಗ ಬಾಗಿಲು ಮುಚ್ಚಿರುತ್ತದೆ. ಕ್ಯಾಲ್ಸಿಯಂ ಇಲ್ಲದ ದ್ರಾವಣ ಬಳಸಿದರೆ ಈ ತೊಂದರೆ ಕಮ್ಮಿಯಾಗುತ್ತದೆ.

ಇನ್‌ಕ್ಯುಬೇಟರ್ ನಿಮ್ಮ ಹತ್ತಿರವೇ ಇದ್ದರೆ ನಾನು ಬಲಿತ ಹಂತವನ್ನೇ ಹೇಳುತ್ತೇನೆ. ಅಂಡಾಶಯ ಸಿಗುವ ಊರಿನಲ್ಲಿ ಒಂದು ಸೂಕ್ಷ್ಮದರ್ಶಕ, ಒಂದು ನೈಟ್ರೋಜನ್ ಕಂಟೇನರ್ ಬಿಟ್ಟು ಬೇರೇನೂ ಇಲ್ಲ ಅಂದರೆ ಬಲಿಯದ್ದನ್ನೇ ಫ್ರೀಜ್ ಮಾಡಿ ತನ್ನಿ. ಎಷ್ಟು ಉಳಿಯುತ್ತವೆ ಎಂಬ ನಿರೀಕ್ಷೆ ಮಾತ್ರ ಕಮ್ಮಿ ಇರಲಿ.

ನಿಧಾನ ಫ್ರೀಜಿಂಗೋ, ವಿಟ್ರಿಫಿಕೇಶನ್ನೋ

1949ರಲ್ಲಿ ಗ್ಲಿಸರಾಲ್ ವೀರ್ಯವನ್ನು ಕಾಪಾಡುತ್ತದೆ ಎಂದು ಗೊತ್ತಾಯಿತು. 1972ರಲ್ಲಿ ಇಲಿಯ ಭ್ರೂಣ, 1973ರಲ್ಲಿ ಹಸುವಿನ ಭ್ರೂಣ ಫ್ರೀಜ್ ಆಗಿ ಮತ್ತೆ ಬದುಕಿದವು. ಆ ಹಸುವಿನ ಭ್ರೂಣದಿಂದ ಹುಟ್ಟಿದ ಕರುವಿಗೆ ಫ್ರಾಸ್ಟಿ ಎಂದು ಹೆಸರಿಟ್ಟರು. ಆ ಕೆಲಸ ಮಾಡಿದವರಲ್ಲಿ ಒಬ್ಬರಾದ ಇಯಾನ್ ವಿಲ್ಮುಟ್ ಮುಂದೆ ತದ್ರೂಪಿ ಕುರಿ ಡಾಲಿಯಿಂದ ಹೆಸರಾದರು. ಆದರೆ ಹಸುವಿನ ಅಂಡಾಣುವನ್ನು ಫ್ರೀಜ್ ಮಾಡಿ ಕರು ಪಡೆಯಲು 1990ರ ದಶಕದ ಶುರುವಿನ ತನಕ ಕಾಯಬೇಕಾಯಿತು. ಭ್ರೂಣ ಆಯಿತು, ಅಂಡಾಣು ಯಾಕೆ ಇಷ್ಟು ಕಷ್ಟ?

ಏಳು ದಿನದ ಭ್ರೂಣದಲ್ಲಿ ನೂರರ ಆಸುಪಾಸು ಸಣ್ಣ ಕೋಶಗಳಿರುತ್ತವೆ. ಹತ್ತು ಸತ್ತರೂ ಉಳಿದವು ಕೆಲಸ ಮುಂದುವರಿಸುತ್ತವೆ. ಅಂಡಾಣು ಒಂದೇ ಕೋಶ, ಸುಮಾರು 120 ಮೈಕ್ರಾನ್ ಅಗಲ. ಒಳಗೆ ನೀರು ಬಹಳ, ಹೊರಹೋಗುವ ದಾರಿ ಕಮ್ಮಿ. ಒಂದು ಹಿಮದ ಹರಳು ಸಾಕು, ಎಲ್ಲ ಮುಗಿಯಿತು.

ನಿಧಾನ ಫ್ರೀಜಿಂಗ್‌ನಲ್ಲಿ -6 ಅಥವಾ -7 ಡಿಗ್ರಿಯಲ್ಲಿ ಹೊರಗಿನ ದ್ರವದಲ್ಲಿ ನಾವೇ ಹಿಮ ಶುರು ಮಾಡಿಸಿ, ನಿಮಿಷಕ್ಕೆ ಅರ್ಧ ಡಿಗ್ರಿಯಂತೆ ಇಳಿಸುತ್ತಾ ಹೋಗುತ್ತೇವೆ. ಕೋಶದ ನೀರು ಮೆಲ್ಲಗೆ ಹೊರಬರುತ್ತದೆ. ಭ್ರೂಣಕ್ಕೆ ಇದು ಇವತ್ತಿಗೂ ಒಳ್ಳೆಯ ದಾರಿ. ಎಥಿಲೀನ್ ಗ್ಲೈಕಾಲ್‌ನಲ್ಲಿ ಹೀಗೆ ಫ್ರೀಜ್ ಆದ ಸ್ಟ್ರಾವನ್ನು, ಅಂದರೆ ಭ್ರೂಣ ತುಂಬಿದ ಸಣ್ಣ ಪ್ಲಾಸ್ಟಿಕ್ ಕೊಳವೆಯನ್ನು, ಕೊಟ್ಟಿಗೆಯಲ್ಲೇ ಕರಗಿಸಿ ನೇರವಾಗಿ ಹಸುವಿಗೆ ಹಾಕಬಹುದು. ಹಸುವಿನ ಅಂಡಾಣುವಿಗೆ ಮಾತ್ರ ಇದನ್ನು ನಾನು ಹೇಳಲಾರೆ. ಅಪಾಯದ ತಾಪದಲ್ಲಿ ಅದು ತುಂಬಾ ಹೊತ್ತು ನಿಲ್ಲಬೇಕಾಗುತ್ತದೆ.

ವಿಟ್ರಿಫಿಕೇಶನ್ ಎಂದರೆ ಹಿಮ ಆಗಲು ಬಿಡದೆ ದ್ರವವನ್ನು ಗಾಜಿನಂತೆ ಗಟ್ಟಿ ಮಾಡುವುದು. 1985ರಲ್ಲಿ ಇಲಿಯ ಭ್ರೂಣದಲ್ಲಿ ಇದು ಗೆದ್ದಿತು. ಇದಕ್ಕೆ ಎರಡು ಬೇಕು: ದಟ್ಟ ರಕ್ಷಕ ದ್ರಾವಣ, ಮಿಂಚಿನ ವೇಗ. ದ್ರಾವಣ ದಟ್ಟವಾದಷ್ಟೂ ವಿಷ. ಹನಿ ಚಿಕ್ಕದಾದಷ್ಟೂ ವೇಗ ಜಾಸ್ತಿ, ವಿಷ ಕಮ್ಮಿ ಸಾಕು. ಆಮೇಲೆ ಬಂದ ಸಾಧನಗಳೆಲ್ಲ ಹನಿಯನ್ನು ಚಿಕ್ಕದು ಮಾಡುವ ಪ್ರಯತ್ನಗಳೇ.

ಮಾಮೂಲಿ 0.25 ಮಿಲಿಲೀಟರ್ ಸ್ಟ್ರಾ ನಿಮಿಷಕ್ಕೆ ಸುಮಾರು 2,500 ಡಿಗ್ರಿ ವೇಗದಲ್ಲಿ ತಣಿಯುತ್ತದೆ. 1996ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ತಾಮ್ರದ ಜಾಲರಿಯ ಮೇಲೆ ಹಸುವಿನ ಅಂಡಾಣು ಇಟ್ಟು ನೋಡಿದರು. 1998ರಲ್ಲಿ ಗಾಬೋರ್ ವಾಯ್ಟಾ ಮತ್ತು ಸಂಗಡಿಗರು ಸ್ಟ್ರಾವನ್ನು ಕಾಯಿಸಿ ಸಣ್ಣಗೆ ಎಳೆದು ಓಪನ್ ಪುಲ್ಡ್ ಸ್ಟ್ರಾ ಮಾಡಿದರು. ವೇಗ ಸುಮಾರು 20,000 ಡಿಗ್ರಿಗೆ ಏರಿತು. ಇದನ್ನು ನೀವೇ ಲ್ಯಾಬಿನಲ್ಲಿ ತಯಾರಿಸಬಹುದು, ಖರ್ಚು ತೀರಾ ಕಮ್ಮಿ. ಆಮೇಲೆ ಜಪಾನಿನ ಮಸಾಶಿಗೆ ಕುವಾಯಾಮಾ ಅವರ ಕ್ರಯೋಟಾಪ್ ಬಂತು. ತೆಳ್ಳಗಿನ ಪ್ಲಾಸ್ಟಿಕ್ ಪಟ್ಟಿಯ ಮೇಲೆ 0.1 ಮೈಕ್ರೊಲೀಟರಿಗೂ ಕಮ್ಮಿ ದ್ರವ. ತಣಿಯುವ ವೇಗ 23,000, ಬಿಸಿಯಾಗುವ ವೇಗ 42,000 ಡಿಗ್ರಿ.

ಈ ಕೊನೆಯ ಅಂಕಿಯನ್ನು ಗಮನಿಸಿ. ಎಲ್ಲರ ಕಣ್ಣೂ ತಣಿಸುವ ವೇಗದ ಮೇಲೆ ಇರುತ್ತದೆ. ಆದರೆ ಇಲಿಯ ಅಂಡಾಣುಗಳ ಮೇಲೆ ನಡೆದ ಪ್ರಯೋಗಗಳು ತೋರಿಸಿದ್ದು ಬಿಸಿ ಮಾಡುವ ವೇಗವೇ ಹೆಚ್ಚು ಮುಖ್ಯ ಎಂದು. ಗಾಜಾಗಿರುವ ದ್ರವ ನಿಧಾನವಾಗಿ ಬಿಸಿಯಾದರೆ ದಾರಿಯಲ್ಲೇ ಹರಳು ಕಟ್ಟಿಬಿಡುತ್ತದೆ. ಆದ್ದರಿಂದ ದುಬಾರಿ ಸಾಧನ ಕೊಳ್ಳುವ ಮೊದಲು ಕರಗಿಸುವ ತಟ್ಟೆಯ ದ್ರಾವಣ ನಿಜವಾಗಿ 37 ಡಿಗ್ರಿ ಇದೆಯೇ ಎಂದು ಥರ್ಮೊಕಪಲ್ (ತಾಪ ಅಳೆಯುವ ತಂತಿ) ಮುಳುಗಿಸಿ ನೋಡಿ. ಹಾಟ್ ಪ್ಲೇಟಿನ ಪರದೆ ತೋರಿಸುವುದು ಪ್ಲೇಟಿನ ಬಿಸಿ, ದ್ರಾವಣದ್ದಲ್ಲ.

ಆರಿಸುವುದಾದರೆ, ಕೈ ಪಳಗಿದವರಿಗೆ, ಒಮ್ಮೆಗೆ ಮೂರು-ನಾಲ್ಕು ಅಂಡಾಣು ಸಾಕು ಎನ್ನುವವರಿಗೆ ಕ್ರಯೋಟಾಪ್. ಕೊನೆಯ ದ್ರಾವಣದಲ್ಲಿ ಸಿಗುವುದು ಒಂದು ನಿಮಿಷದೊಳಗಿನ ಸಮಯ, ಅಷ್ಟರಲ್ಲಿ ಪಟ್ಟಿಗೆ ಏರಿಸಿ ಮುಳುಗಿಸಬೇಕು. ಹೊಸಬರಿಗೆ, ಬಜೆಟ್ ಕಮ್ಮಿ ಇರುವವರಿಗೆ ಓಪನ್ ಪುಲ್ಡ್ ಸ್ಟ್ರಾ. ಎರಡರಲ್ಲೂ ಅಂಡಾಣು ನೇರವಾಗಿ ಸಾರಜನಕವನ್ನು ಮುಟ್ಟುತ್ತದೆ. ಮುಚ್ಚಳವಿಲ್ಲದ ಸಾಧನಗಳಲ್ಲಿ ಸಾರಜನಕದ ಮೂಲಕ ದನದ ವೈರಸ್ ಭ್ರೂಣಕ್ಕೆ ದಾಟಬಲ್ಲದು ಎಂದು ಪ್ರಯೋಗದಲ್ಲಿ ತೋರಿಸಿದ್ದಾರೆ. ಬರೀ ಸಂಶೋಧನೆಗಾದರೆ ಪರವಾಗಿಲ್ಲ. ಮುಂದೆ ಹಸುವಿಗೆ ಹಾಕುವ ಯೋಚನೆ ಇದ್ದರೆ ಶುದ್ಧ ಸಾರಜನಕದಲ್ಲಿ ತಣಿಸಿ, ಆಮೇಲೆ ಮುಚ್ಚಿದ ಕೊಳವೆಯಲ್ಲಿ ಇಡಿ.

ಏನು ಮಾಡಿದರೂ ಒಂದು ಮಾತು ಒಪ್ಪಿಕೊಳ್ಳಬೇಕು. ತಾಜಾ ಅಂಡಾಣುಗಳಲ್ಲಿ ನೂರಕ್ಕೆ 30ರಿಂದ 40 ಬ್ಲಾಸ್ಟೊಸಿಸ್ಟ್ ಹಂತ ಮುಟ್ಟುತ್ತವೆ. ವಿಟ್ರಿಫೈ ಆದವುಗಳಲ್ಲಿ ಹತ್ತರ ಆಸುಪಾಸು ಬಂದರೂ ಒಳ್ಳೆಯ ಕೆಲಸವೇ.

ಅಂಡಾಣು, ಭ್ರೂಣ, ಅಂಗಾಂಶ: ತಳಿ ಉಳಿಸಬೇಕಾದಾಗ

ನಮ್ಮ ಕರ್ನಾಟಕಕ್ಕೆ ಈ ಪ್ರಶ್ನೆ ತೀರಾ ಹತ್ತಿರದ್ದು. ಇಲ್ಲಿ 2021ರಿಂದ ಜಾರಿಯಲ್ಲಿರುವ ಕಾಯ್ದೆಯಂತೆ ಹಸು, ಎತ್ತು, ಕರುಗಳನ್ನು ಕಡಿಯುವಂತಿಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣಗಳಿಗೆ ವಿನಾಯಿತಿ ಇದೆ. ಆದ್ದರಿಂದ ಕಲಿಯುವವರು ಕುರಿ, ಮೇಕೆ, ಮುದಿ ಎಮ್ಮೆಯ ಅಂಡಾಶಯದಲ್ಲಿ ಕೈ ಪಳಗಿಸಿಕೊಳ್ಳಬೇಕು. ಹಸುವಿನ ಅಂಡಾಣು ಬೇಕಿದ್ದರೆ ಜೀವಂತ ಹಸುವಿನಿಂದಲೇ, ಅಲ್ಟ್ರಾಸೌಂಡ್ ನೋಡುತ್ತಾ ಸೂಜಿಯಲ್ಲಿ ಎಳೆಯುವ ಓಪಿಯು ವಿಧಾನ ಇದೆ. ಸರಿಯಾಗಿ ಮಾಡಿದರೆ ಹಸುವಿಗೆ ದೊಡ್ಡ ತೊಂದರೆ ಆಗುವುದಿಲ್ಲ, ಮತ್ತೆ ಮತ್ತೆ ತೆಗೆಯಬಹುದು.

ಈಗ ಒಂದು ಸಂದರ್ಭ ಯೋಚಿಸಿ. ಕೃಷ್ಣಾ ವ್ಯಾಲಿ ತಳಿಯ ಒಳ್ಳೆಯ ಹಸುವೊಂದು ಫಾರ್ಮಿನಲ್ಲಿ ಸತ್ತಿದೆ. ಈ ತಳಿ ಈಗ ತೀರಾ ಕಮ್ಮಿ ಉಳಿದಿದೆ. ಅಂಡಾಶಯ ನಿಮ್ಮ ಕೈಯಲ್ಲಿದೆ. ಏನು ಮಾಡುತ್ತೀರಿ?

ನಾನಾದರೆ ಮೊದಲು ಅಂಡಾಣು ಎಳೆದು, ಬಲಿಯಿಸಿ, ಫ್ರೀಜ್ ಮಾಡದೆ ತಾಜಾ ಇರುವಾಗಲೇ ಅದೇ ತಳಿಯ ಹೋರಿಯ ವೀರ್ಯದಿಂದ ಫಲಿಸುವಂತೆ ಮಾಡುತ್ತೇನೆ. ಏಳೆಂಟು ದಿನದ ಮೇಲೆ ಬಂದ ಭ್ರೂಣಗಳನ್ನು ಫ್ರೀಜ್ ಮಾಡುತ್ತೇನೆ. ಭ್ರೂಣ ಚಳಿಯನ್ನು ಅಂಡಾಣುವಿಗಿಂತ ಎಷ್ಟೋ ಚೆನ್ನಾಗಿ ತಡೆಯುತ್ತದೆ. ಇದರಲ್ಲಿ ಕಳೆದುಕೊಳ್ಳುವುದು ಒಂದೇ: ಹೋರಿ ಯಾವುದು ಎಂಬುದು ಇವತ್ತೇ ತೀರ್ಮಾನವಾಗಿಬಿಡುತ್ತದೆ. ಅಂಡಾಣುವನ್ನೇ ಇಟ್ಟಿದ್ದರೆ ಹತ್ತು ವರ್ಷದ ಮೇಲೆ ಇನ್ನೂ ಒಳ್ಳೆಯ ಹೋರಿ ಹುಡುಕಬಹುದಿತ್ತು.

ವೀರ್ಯ ಇದೆಯಲ್ಲ, ಅಷ್ಟು ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಬರೀ ವೀರ್ಯದಿಂದ ತಳಿಯನ್ನು ಮತ್ತೆ ಕಟ್ಟಲು ಬೇರೆ ತಳಿಯ ಹಸುವಿನಿಂದ ಶುರು ಮಾಡಿ ಹುಟ್ಟಿದ ಹೆಣ್ಣು ಕರುಗಳನ್ನು ತಲೆಮಾರುಗಟ್ಟಲೆ ಮತ್ತೆ ಮತ್ತೆ ಅದೇ ತಳಿಯ ವೀರ್ಯಕ್ಕೆ ದಾಟಿಸಬೇಕು. ಹೀಗೆ ಐದನೇ ಸಲ ದಾಟಿಸಿದ ಮೇಲೂ ಸಿಗುವುದು ಆ ತಳಿಯ ಸುಮಾರು 98 ಶೇಕಡಾ ಅಂಶ. ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಮಾತ್ರ ತಾಯಿಯಿಂದಲೇ ಬರುವಂಥದ್ದು. ಎಷ್ಟು ತಲೆಮಾರು ಕಳೆದರೂ ವೀರ್ಯದಿಂದ ಅದು ವಾಪಸ್ ಬರುವುದಿಲ್ಲ. ಅಮೃತಮಹಲ್, ಹಳ್ಳಿಕಾರ್, ಮಲೆನಾಡು ಗಿಡ್ಡ, ಯಾವುದಕ್ಕೇ ಆದರೂ ತಾಯಿಯ ಕಡೆಯ ಜೀವಕೋಶ ಬ್ಯಾಂಕಿನಲ್ಲಿ ಇರಲೇಬೇಕು ಎಂದು ನಾನು ಹಠ ಹಿಡಿಯುವುದು ಇದಕ್ಕೇ.

ಅಂಡಾಣು ಎಳೆದ ಮೇಲೆ ಅಂಡಾಶಯ ಎಸೆಯಬೇಡಿ. ಅದರ ಹೊರಪದರದಲ್ಲಿ ಇನ್ನೂ ಬೆಳೆಯದ ಸಾವಿರಾರು ಪುಟ್ಟ ಫಾಲಿಕಲ್‌ಗಳಿವೆ. ಅವುಗಳೊಳಗಿನ ಅಂಡಾಣು ಸಣ್ಣದು, ಕೊಬ್ಬು ಕಮ್ಮಿ, ಸ್ಪಿಂಡಲ್ ಇಲ್ಲ. ಆದ್ದರಿಂದ 4 ಡಿಗ್ರಿ ತಂಪನ್ನೂ ತಡೆಯುತ್ತವೆ, ಫ್ರೀಜಿಂಗನ್ನೂ ತಡೆಯುತ್ತವೆ. ಒಂದು ಮಿಲಿಮೀಟರ್ ದಪ್ಪದ ಪಟ್ಟಿಗಳಾಗಿ ಕತ್ತರಿಸಿ ಡಿಎಂಎಸ್‌ಒ ಹಾಕಿ ನಿಧಾನ ಫ್ರೀಜಿಂಗ್ ಮಾಡಿದರೆ ಸಾಕು. 1994ರಲ್ಲಿ ಕುರಿಯಲ್ಲಿ ಹೀಗೆ ಇಟ್ಟ ಅಂಗಾಂಶವನ್ನು ವಾಪಸ್ ಕಸಿ ಮಾಡಿದಾಗ ಮರಿ ಹುಟ್ಟಿತು. 2004ರಲ್ಲಿ ಬೆಲ್ಜಿಯಂನಲ್ಲಿ ಒಬ್ಬ ಮಹಿಳೆಗೆ ಮಗುವಾಯಿತು. ಹಸುವಿನ ಈ ಪುಟ್ಟ ಫಾಲಿಕಲ್‌ಗಳನ್ನು ತಟ್ಟೆಯಲ್ಲೇ ಕರು ಹುಟ್ಟುವ ಮಟ್ಟಕ್ಕೆ ಬೆಳೆಸುವುದು ಮಾತ್ರ ಇನ್ನೂ ಕೈಗೂಡಬೇಕಾದ ಕೆಲಸ. ಅಲ್ಲಿಯ ತನಕ ಈ ಪಟ್ಟಿಗಳು ಮುಂದಿನವರಿಗಾಗಿ ಇಟ್ಟ ಬಿತ್ತನೆ ಬೀಜ ಇದ್ದಂತೆ. ಜಾಗ ಹಿಡಿಯುವುದು ನಾಲ್ಕೈದು ವಯಲ್ ಅಷ್ಟೇ. ಇಡಿ.

ಇಡೀ ಅಂಡಾಶಯವನ್ನೇ ಫ್ರೀಜ್ ಮಾಡುವುದು ಬೇಡ. ದಪ್ಪ ಜಾಸ್ತಿ, ರಕ್ಷಕ ದ್ರಾವಣ ಒಳಗೆ ಸಮನಾಗಿ ಇಳಿಯುವುದಿಲ್ಲ.

ಶುರು ಮಾಡುವ ದಿನ

ಮೊದಲ ಪ್ರಯೋಗದಲ್ಲೇ ಎಲ್ಲ ಅಂಡಾಣುಗಳನ್ನೂ ಸಾರಜನಕಕ್ಕೆ ಹಾಕಬೇಡಿ. ಮೂರು ಪಾಲು ಮಾಡಿ. ಒಂದು ಪಾಲು ತಾಜಾ, ಯಾವುದನ್ನೂ ಮುಟ್ಟಿಸದೆ. ಎರಡನೇ ಪಾಲು ಎಲ್ಲ ದ್ರಾವಣಗಳಲ್ಲಿ ಹಾದು ಬರಲಿ, ಆದರೆ ಫ್ರೀಜ್ ಆಗದಿರಲಿ. ಮೂರನೆಯದು ಪೂರ್ತಿ ಫ್ರೀಜ್ ಆಗಿ ಕರಗಿದ್ದು. ಮೂರನ್ನೂ ಒಟ್ಟಿಗೆ ಫಲಿಸಲು ಬಿಡಿ. ಎರಡನೇ ಪಾಲೇ ಸೋತರೆ ತಪ್ಪು ದ್ರಾವಣದಲ್ಲಿದೆ ಅಥವಾ ಕೈಯ ನಿಧಾನದಲ್ಲಿದೆ. ಎರಡನೆಯದು ಗೆದ್ದು ಮೂರನೆಯದು ಮಾತ್ರ ಸೋತರೆ ಸಾಧನ, ಬಿಸಿ ಮಾಡುವ ಹಂತ ನೋಡಿ. ಮೊದಲನೆಯದೇ ಸೋತರೆ ಫ್ರೀಜಿಂಗ್ ಬಿಡಿ, ಫ್ಲಾಸ್ಕಿನ ತಾಪ ಬರೆದ ಪುಸ್ತಕ ತೆರೆಯಿರಿ.

ಕರಗಿದ ಕೂಡಲೇ ದುಂಡಗೆ, ಚೆಂದವಾಗಿ ಕಂಡ ಅಂಡಾಣುಗಳನ್ನು ಎಣಿಸಿ ಖುಷಿಪಡಬೇಡಿ. ಏಳನೇ, ಎಂಟನೇ ದಿನ ತಟ್ಟೆಯಲ್ಲಿ ಎಷ್ಟು ಬ್ಲಾಸ್ಟೊಸಿಸ್ಟ್ ಇವೆ ಎಂದು ಎಣಿಸಿ. ಬೇರೆ ಬೇರೆ ದಿನ ತಂದ ಅಂಡಾಶಯಗಳಲ್ಲಿ ಕನಿಷ್ಠ ನಾಲ್ಕು ಸಲ ಇದನ್ನೇ ಮಾಡಿ. ಆಮೇಲೆ ಕಿಟ್ ಆರ್ಡರ್ ಮಾಡಿ.